ಪಲ್ಪಿಂಗ್ ನೀರಿಗೆ ಯಾವ ಪಂಪು?

ಮಳೆ ಹಿಂದಾಗುತ್ತಿದ್ದಂತೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಸುಣ್ಣಗಳ ದರದ ಜೊತೆಗೆ ಇನ್ನೊಂದು ಮಾತನ್ನೂ ಕೇಳುತ್ತಾರೆ: "ಪಲ್ಪರ್ ನೀರು ಎತ್ತಲಿಕ್ಕೆ ಎಷ್ಟು ಎಚ್.ಪಿ. ಪಂಪು ತರಲಿ, ಸೆಕ್ರೆಟರಿಯವರೇ?" ಪ್ರಶ್ನೆ ತಪ್ಪಲ್ಲ. ಆದರೆ ಮೊದಲು ಕೇಳಬೇಕಾದವು ಬೇರೆ ಇವೆ, ಎಚ್.ಪಿ.ಯ ಪ್ರಶ್ನೆ ಕೊನೆಗೆ ಬರಬೇಕಾದದ್ದು ಎಂದು ನಮ್ಮ ಅಭಿಪ್ರಾಯ. ಇದನ್ನು ನಾವು ಪೆಟ್ಟು ತಿಂದೇ ಕಲಿತದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಪಲ್ಪರ್ ಮನೆಯ ನೀರನ್ನು ಮೇಲಿನ ಹೊಂಡಕ್ಕೆ ಎತ್ತಲು ಸ್ಪ್ರಿಂಕ್ಲರಿನ ಏಳೂವರೆ ಅಶ್ವಶಕ್ತಿಯ ಪಂಪನ್ನೇ ಕೂಡಿಸಿದೆವು. ಹೂಮಳೆಯ ಕಾಲದವರೆಗೆ ಹೇಗೂ ಸುಮ್ಮನೆ ಕುಳಿತಿರುತ್ತದಲ್ಲ ಎಂಬ ಲೆಕ್ಕ. ಗುಡ್ಡದ ನೆತ್ತಿಗೆ ನೀರು ಚಿಮ್ಮಿಸಲು ಮಾಡಿದ ಪಂಪು ಅದು. ಎಂಟು ಮೀಟರ್ ಎತ್ತರಕ್ಕೆ ಹಚ್ಚಿದರೆ ಮಿತಿಮೀರಿ ನೀರು ದೂಡಿ ಕರೆಂಟು ಹೆಚ್ಚು ಎಳೆಯುತ್ತದೆ, ಮೋಟಾರು ಕಾಯುತ್ತದೆ. ಕಾಯುವುದನ್ನು ತಪ್ಪಿಸಲು ಗೇಟ್ ವಾಲ್ವ್ ಬಿಗಿ ಮಾಡಿದೆವು. ಆ ಸಂದಿಯಲ್ಲಿ ಹಣ್ಣಿನ ಸಿಪ್ಪೆ ಸಿಕ್ಕಿಕೊಂಡಿತು. ರಾತ್ರಿ ತೊಟ್ಟಿ ತುಂಬಿ ನೀರು ಹಳ್ಳಕ್ಕೆ ಹೋಯಿತು. ಬೆಳಗ್ಗೆ ಕೆಳಗಿನ ಅಡಿಕೆ ತೋಟದವರು ಒಂದು ಬಕೆಟ್ ಹಳ್ಳದ ನೀರು ತಂದು ನಮ್ಮ ಅಂಗಳದಲ್ಲಿಟ್ಟು, ಮಾತಾಡದೆ ಹೋದರು. ಮೇಲೆ ಕಂದು ನೊರೆ, ಅದರಲ್ಲಿ ನಾಲ್ಕಾರು ಸತ್ತ ಮೀನು.

ಕಾಫಿ ನೀರು ವಿಷವೇನಲ್ಲ, ಹಣ್ಣಿನ ಸಕ್ಕರೆ, ಲೋಳೆ ಅಷ್ಟೇ ಎಂದು ವಾದಿಸುವ ಹಿರಿಯರಿದ್ದಾರೆ. ತೊಂದರೆ ಆ ಸಕ್ಕರೆಯಲ್ಲೇ ಇದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಊರಿನ ಚರಂಡಿ ನೀರಿನ ಬಿ.ಓ.ಡಿ. ಲೀಟರಿಗೆ ಇನ್ನೂರು, ಮುನ್ನೂರು ಮಿಲಿಗ್ರಾಂ ಇದ್ದರೆ ನಮ್ಮದು ಸಾವಿರಗಳಲ್ಲಿರುತ್ತದೆ. ಅದೂ ಡಿಸೆಂಬರ್, ಜನವರಿಯಲ್ಲಿ, ಹಳ್ಳ ನೂಲಿನಂತೆ ಹರಿಯುವ ಹೊತ್ತಿನಲ್ಲಿ. 1974ರ ಜಲ ಮಾಲಿನ್ಯ ಕಾಯಿದೆ ದೊಡ್ಡ ಎಸ್ಟೇಟುಗಳಿಗೆ ಮಾತ್ರ ಎಂದು ಯಾರೂ ತಿಳಿಯಬಾರದು.

ಮೊದಲ ಪ್ರಶ್ನೆ: ಪಂಪು ಬೇಕೇ ಬೇಕೇ? ಇಳಿಜಾರು ಇದ್ದವರು ಸಿಪ್ಪೆ ಸೋಸುವ ಜಾಲರಿ, ಸುಣ್ಣದ ತೊಟ್ಟಿ, ಹೊಂಡಗಳನ್ನು ಒಂದರ ಕೆಳಗೊಂದು ಕಟ್ಟಿದರೆ ನೀರು ತಾನೇ ಇಳಿಯುತ್ತದೆ. ಆದರೆ ನಮ್ಮ ಅಜ್ಜಂದಿರು ನೀರಿನ ಅನುಕೂಲ ನೋಡಿ ಪಲ್ಪರ್ ಮನೆಯನ್ನು ಹಳ್ಳದ ದಂಡೆಯಲ್ಲೇ ಕಟ್ಟಿದರು. ಅಲ್ಲಿ ಹೊಂಡ ತೋಡಿದರೆ ಉಕ್ಕಿದ್ದೆಲ್ಲ ಹಳ್ಳಕ್ಕೇ. ಅಂಥವರು ಎತ್ತಲೇಬೇಕು.

ಎತ್ತುವ ಮೊದಲು ಸೋಸಬೇಕು, ಸುಣ್ಣ ಹಾಕಬೇಕು. ಹುಳಿತ ನೀರಿನ ಪಿ.ಎಚ್. ನಾಲ್ಕರ ಆಸುಪಾಸಿಗೆ ಇಳಿದಿರುತ್ತದೆ. ಎರಕದ ಕಬ್ಬಿಣದ ಇಂಪೆಲ್ಲರನ್ನು ಅದು ತಿಂದುಹಾಕುತ್ತದೆ. ಏಳರ ಹತ್ತಿರ ತಂದ ನೀರಾದರೆ ಸಾಧಾರಣ ಪಂಪೂ ಬಾಳುತ್ತದೆ, ದುಬಾರಿ ಸ್ಟೇನ್‌ಲೆಸ್ ಸ್ಟೀಲಿನ ಹಂಗಿಲ್ಲ. ಕರಗದ ಸುಣ್ಣದ ಹರಳು ಮಾತ್ರ ಸೀಲನ್ನು ಸವೆಸುತ್ತದೆ. ಆದುದರಿಂದ ತೊಟ್ಟಿಯ ತಳದಿಂದ ಒಂದಡಿ ಮೇಲಿನಿಂದ ನೀರು ಎಳೆಯುವುದು ಲೇಸು.

ಇನ್ನು ಪಂಪಿನ ಜಾತಿ. ಬಾವಿಯ ನೀರಿಗೆ ಮಾಡಿದ ಮುಚ್ಚಿದ ಇಂಪೆಲ್ಲರಿನ ಮೋನೊಬ್ಲಾಕ್ ಇಲ್ಲಿಗೆ ಸಲ್ಲದು. ತೆರೆದ ಇಂಪೆಲ್ಲರಿನ, ಒಂದಂಗುಲದ ಕಸ ಸರಾಗವಾಗಿ ದಾಟುವ ಕೊಳಚೆ ಪಂಪು ಬೇಕು. ಅದು ಕರೆಂಟಿಗೆ ಹೋಲಿಸಿದರೆ ಕಡಿಮೆ ನೀರು ಕೊಡುತ್ತದೆ ಎಂದು ಅಂಗಡಿಯವರು ಮೂಗು ಮುರಿಯಬಹುದು. ನಿಜವೇ, ಆದರೆ ದಿನಕ್ಕೆ ಎರಡು ತಾಸು ಓಡುವ ಸಣ್ಣ ಮೋಟಾರಿಗೆ ಅದೆಷ್ಟು ಯೂನಿಟ್ಟು? ಕಟ್ಟಿಕೊಂಡ ಪಂಪನ್ನು ರಾತ್ರಿ ಬಿಚ್ಚುವ ಕೂಲಿ ಅದಕ್ಕಿಂತ ಹೆಚ್ಚು. ತೊಟ್ಟಿಯಲ್ಲೇ ಮುಳುಗಿರುವ ಪಂಪಾದರೆ ಇನ್ನೂ ಅನುಕೂಲ. ನೊರೆಗಾಳಿ ಸೇರಿ ಎಳೆತ ತಪ್ಪುವುದು, ಫುಟ್‌ವಾಲ್ವಿಗೆ ಸಿಪ್ಪೆ ಸಿಕ್ಕುವುದು, ಎರಡೂ ಇಲ್ಲ.

ಈಗ ಎಚ್.ಪಿ. ದಿನಕ್ಕೆ ಹತ್ತು ಸಾವಿರ ಲೀಟರ್ ನೀರನ್ನು ಎರಡು ತಾಸಿನಲ್ಲಿ ಎತ್ತುವುದಾದರೆ ಸೆಕೆಂಡಿಗೆ 1.4 ಲೀಟರ್. ಎತ್ತರ ಆರು ಮೀಟರ್, ಪೈಪಿನ ತಿಕ್ಕಾಟಕ್ಕೆ ಇನ್ನೆರಡು ಸೇರಿಸಿ ಎಂಟು. ಎರಡನ್ನೂ ಗುಣಿಸಿ 75ರಿಂದ ಭಾಗಿಸಿದರೆ ಬರುವುದು 0.15 ಅಶ್ವಶಕ್ತಿ! ಇಂಥ ಪಂಪಿನಲ್ಲಿ ನೂರಕ್ಕೆ ಮೂವತ್ತರಷ್ಟೇ ಕೆಲಸಕ್ಕೆ ಬರುತ್ತದೆ ಎಂದಿಟ್ಟರೂ ಅರ್ಧ ಎಚ್.ಪಿ. ನಮ್ಮ ಕಡೆಯ ವೋಲ್ಟೇಜಿನ ಪಾಡಿಗೆ ಒಂದು ಇರಲಿ. ಏಳೂವರೆ ಎಲ್ಲಿ, ಒಂದು ಎಲ್ಲಿ!

ಪೈಪಿನ ವಿಷಯದಲ್ಲೂ ನಾವು ಎಡವುತ್ತೇವೆ. ತಿಳಿನೀರಿಗೆ ಅಗಲದ ಪೈಪು ಒಳ್ಳೆಯದೆಂದು ಕಲಿತವರು ನಾವು. ಇಲ್ಲಿ ಹರಿವು ಸೆಕೆಂಡಿಗೆ 0.6 ಮೀಟರಿಗಿಂತ ಕಡಿಮೆಯಾದರೆ ಗಸಿ ಪೈಪಿನಲ್ಲೇ ಕೂರುತ್ತದೆ. ಮೇಲಿನ ಲೆಕ್ಕದ ನೀರಿಗೆ ಎರಡಂಗುಲ ಸರಿ. ಮೂರಂಗುಲ ಹಾಕಿದರೆ ಹರಿವು ಅರ್ಧಕ್ಕೂ ಇಳಿಯುತ್ತದೆ.

ತೊಟ್ಟಿ ಮಾತ್ರ ದೊಡ್ಡದಿರಲಿ. ಕರೆಂಟು ಹೋದರೂ ಪಂಪು ಕೈಕೊಟ್ಟರೂ ಒಂದು ಪೂರ್ತಿ ದಿನದ ನೀರು ಹಿಡಿಸಬೇಕು. ಸಿಮೆಂಟಿಗೆ ಹಾಕುವ ಈ ಹಣ ಪಂಪಿಗೆ ಹಾಕುವುದಕ್ಕಿಂತ ಭದ್ರ. ಅಂದು ನಮ್ಮ ತೊಟ್ಟಿ ಅಷ್ಟಿದ್ದಿದ್ದರೆ ಆ ಬಕೆಟ್ ನಮ್ಮ ಅಂಗಳಕ್ಕೆ ಬರುತ್ತಿರಲಿಲ್ಲ.

ಹೊಂಡದ ತಳದ ಗಟ್ಟಿ ಗಸಿಗೆ ಬೇರೆಯೇ ಪಂಪು ಬೇಕು. ಬಗ್ಗಡ ಎತ್ತುವ ಸ್ಲರಿ ಪಂಪು ಇದ್ದವರು ಅದನ್ನೇ ಬಳಸಬಹುದು. ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಮನೆಗೊಂದು ಕೊಳ್ಳುವುದು ದಂಡ. ಸಂಘದಿಂದಲೇ ಒಂದನ್ನು ತಂದು ಬಾಡಿಗೆಗೆ ಕೊಡುವ ಸಲಹೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡಲಿದ್ದೇವೆ. ದಿನದ ಪಂಪು ಬೇಕಾದ ಸದಸ್ಯರು ಕಚೇರಿಗೆ ಬರುವಾಗ ತೊಟ್ಟಿಯಿಂದ ಹೊಂಡದವರೆಗಿನ ಎತ್ತರ, ಪೈಪಿನ ಉದ್ದ, ಪಲ್ಪಿಂಗ್ ದಿನದ ನೀರು, ಈ ಮೂರನ್ನು ಅಳೆದು ಚೀಟಿಯಲ್ಲಿ ಬರೆದು ತರಬೇಕು. ಅಂದಾಜು ಬೇಡ, ಟೇಪು ಹಿಡಿದೇ ಅಳೆಯಿರಿ.