ಹಿತ್ತಾಳೆಯ ಆಯುಷ್ಯ

ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಮುನ್ನ ನಮ್ಮ ಶಿಡ್ಲಘಟ್ಟದ ಕಡೆಯ ಹೆಂಗಸರು ಹಳೆಯ ಚಂದ್ರಿಕೆಯನ್ನು ಬಿಸಿಲಿಗೆ ಹಿಡಿದು, ಬಿದಿರಿನ ಸುರುಳಿಯುದ್ದಕ್ಕೂ ಬೆರಳಾಡಿಸಿ, ಸಡಿಲಿದ ಕಡೆ ಕ್ಷಣಕಾಲ ನಿಂತು, ‘ಇದಾಗಲ್ಲ, ಒಲೇಗಾಕು’ ಎಂದು ತೀರ್ಪು ಕೊಡುವುದನ್ನು ಬಾಲ್ಯದಿಂದ ಕಂಡಿದ್ದೇನೆ. ಅದು ಎಷ್ಟು ಬೆಳೆ ಕಂಡಿತೆಂದು ಯಾರೂ ಎಣಿಸಿದ್ದಿಲ್ಲ.

ಅಮೆರಿಕದಲ್ಲಿ ನೆಲಸಿರುವ ನಮ್ಮೂರಿನ ಬಂಧುವೊಬ್ಬ, ಹಾರಿಸಿದ ರೈಫಲ್ ತೋಟಾದ ಹಿತ್ತಾಳೆಯ ಕೋಶಕ್ಕೆ ಎಷ್ಟು ಸಲ ಮತ್ತೆ ಮದ್ದು ತುಂಬಬಹುದೆಂದು ಕೇಳಿ ಬರೆದಾಗ ನನಗೆ ಆ ಬೆರಳುಗಳೇ ನೆನಪಾದವು. ಅಲ್ಲಿ ಅದು ಮನೆಯೊಳಗಿನ ಹವ್ಯಾಸ. ಇಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅದಿರಲಿ, ಅವನು ಸಂಖ್ಯೆ ಕೇಳಿದ್ದೇ ತಪ್ಪೆಂದು ನನ್ನ ಅಭಿಪ್ರಾಯ.

ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಆ ಹಿತ್ತಾಳೆ ಹಾರಿಸಿದಾಗಲೆಲ್ಲ ಉಬ್ಬಿ, ಅಚ್ಚಿನಲ್ಲಿ ಒತ್ತಿದಾಗಲೆಲ್ಲ ಕುಗ್ಗಿ, ಕ್ರಮೇಣ ಪೆಡಸಾಗುತ್ತದೆ. ಕೋಶದ ಕತ್ತು ಸೀಳುವುದು ಇದರಿಂದಲೇ. ಸೀಳಿದ ಕತ್ತು ಕಣ್ಣಿಗೆ ಬೀಳುವುದರಿಂದ ಅದು ಸಜ್ಜನ ಶತ್ರು. ಬುಡದ್ದು ಹಾಗಲ್ಲ: ಲೋಹವು ಪ್ರತಿಸಲವೂ ಹಿಗ್ಗಿ ಬುಡದ ತುಸು ಮೇಲೆ ಗೋಡೆ ತೆಳುವಾಗುತ್ತಿರುವಾಗ ಹೊರಗೆ ಹೊಳಪಿನ ಸಣ್ಣ ಉಂಗುರವೊಂದು ಕಂಡರೆ ಕಂಡೀತು, ಇಲ್ಲವಾದರೆ ಇಲ್ಲ, ಆದರೆ ತುದಿ ಬಗ್ಗಿಸಿದ ತಂತಿಯನ್ನು ಒಳಗಿಳಿಸಿ ಗೋಡೆಗುಂಟ ಮೆಲ್ಲನೆ ಎಳೆದರೆ ಅದು ಗೀರಿನಂಥ ಹಳ್ಳಕ್ಕೆ ತಡೆದು ನಿಲ್ಲುತ್ತದೆ. ಹಾಗೆ ತಡೆದ ಕೋಶವನ್ನು ಮತ್ತೆ ಹಾರಿಸಿದರೆ ಬುಡ ಕಳಚಿ, ಕಾದ ಅನಿಲ ಹಾರಿಸಿದವನ ಮುಖಕ್ಕೇ ನುಗ್ಗಬಹುದು. ಕೇಪು ಬಲವಿಲ್ಲದೆ ಗುಳಿಯಲ್ಲಿ ಕೂರುವಂತಾದರೆ ಅದಕ್ಕೂ ಮದ್ದಿಲ್ಲ. ಕತ್ತನ್ನು ಹದವಾಗಿ ಕಾಯಿಸಿ ಮೆದುಗೊಳಿಸಬಹುದು. ಬುಡಕ್ಕೆ ಬಿಸಿ ತಾಗಿಸಿದರೆ ಅದರ ಬಲವೇ ಹೋಗುತ್ತದೆ.

ಒಮ್ಮೆಯೂ ಹಾರಿಸದ ತೋಟಾ ಸಹ ಕೆಡುವುದುಂಟು. ಬ್ರಿಟಿಷರ ಕಾಲದಲ್ಲಿ ಈ ದೇಶದ ಸೇನೆಯವರು ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇರಿಸಿದ್ದ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟವು. ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗುವಿಗೆ ಕುದುರೆಯ ಮೂತ್ರದ ಅಮೋನಿಯಾ ಸೇರಿದುದೇ ಕಾರಣವೆಂದು 1921ರಲ್ಲಿ ಲೋಹತಜ್ಞರು ವಿವರಿಸಿದರು. ದನದ ಕೊಟ್ಟಿಗೆಯೂ ಮನೆಯೂ ಒಂದೇ ಗೋಡೆ ಹಂಚಿಕೊಳ್ಳುವ ನಮ್ಮ ಊರುಗಳಲ್ಲಿ ಪರವಾನಗಿಯ ಕೋವಿ ಇಟ್ಟುಕೊಂಡವರು ಇದನ್ನು ನೆನಪಿಡಬೇಕು.

ಬಂಧುವಿಗೆ ಸಂಖ್ಯೆಯನ್ನು ಬರೆಯಲಿಲ್ಲ. ಪ್ರತಿಯೊಂದು ಕೋಶವನ್ನೂ ಬೆಳಕಿಗೆ ಹಿಡಿದು, ಒಳಗೆ ತಂತಿ ಎಳೆದು ನೋಡೆಂದೂ, ಸಂಶಯ ಬಂದುದರ ಬಾಯನ್ನು ಇನ್ನೊಬ್ಬರು ತುಂಬಲಾಗದಂತೆ ಇಕ್ಕಳದಿಂದ ಅಮುಕಿ ಗುಜರಿಗೆ ಹಾಕೆಂದೂ ಬರೆದಿದ್ದೇನೆ.