ಬೇಸ್‌ಬಾಲ್ ಗೊತ್ತಿಲ್ಲದವರೂ ಯಾಕೆ ಅಳುತ್ತಾರೆ?

– ದ್ವಿತೀಯ ಪಿಯುಸಿ (ವಾಣಿಜ್ಯ) ವಿದ್ಯಾರ್ಥಿನಿ

ಕಣ್ಣಲ್ಲಿ ನೀರು ತರಿಸಿದ ಸಿನಿಮಾವನ್ನು ನಮ್ಮ ತರಗತಿಯಲ್ಲಿ ಯಾರೂ ಒಳ್ಳೆಯ ಸಿನಿಮಾ ಎನ್ನುವುದಿಲ್ಲ. ‘ಬರೀ ಸೆಂಟಿಮೆಂಟ್’ ಎಂದು ಹೇಳಿ ಮುಗಿಸುತ್ತಾರೆ. ಪಿಟೀಲು ಬಾರಿಸಿ, ನಿಧಾನವಾಗಿ ತೋರಿಸಿ, ನಮ್ಮಿಂದ ಕಣ್ಣೀರು ವಸೂಲಿ ಮಾಡುವುದು ಮೋಸ ಎಂಬುದು ಅವರ ವಾದ. ಹಲವು ಸಿನಿಮಾಗಳ ವಿಷಯದಲ್ಲಿ ಈ ಮಾತು ನಿಜ. ಆದರೆ ‘ಫೀಲ್ಡ್ ಆಫ್ ಡ್ರೀಮ್ಸ್’ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ.

ಇದು 1989ರ ಅಮೆರಿಕನ್ ಸಿನಿಮಾ. ನಿರ್ದೇಶಕ ಫಿಲ್ ಆಲ್ಡನ್ ರಾಬಿನ್‌ಸನ್, ನಾಯಕ ಕೆವಿನ್ ಕಾಸ್ಟ್ನರ್. ಡಬ್ಲ್ಯು. ಪಿ. ಕಿನ್ಸೆಲ್ಲಾ ಅವರ ‘ಶೂಲೆಸ್ ಜೋ’ ಎಂಬ ಕಾದಂಬರಿಯಿಂದ ತೆಗೆದದ್ದು. ಅದರಲ್ಲಿ ಬೇಸ್‌ಬಾಲ್ ತುಂಬಾ ಇದೆ. ನನಗೆ ಆ ಆಟದ ನಿಯಮ ಇವತ್ತಿಗೂ ಪೂರ್ತಿ ತಿಳಿಯದು. ಆದರೂ ಕೊನೆಯ ಹತ್ತು ನಿಮಿಷ ನಾನು ದುಪಟ್ಟಾದಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದೆ. ಆಟ ಗೊತ್ತಿಲ್ಲದವಳಿಗೂ ಹೀಗಾಯಿತೆಂದರೆ ಕಾರಣ ಆಟದಲ್ಲಿ ಇರಲಾರದು.

ಕಥೆ ಹೀಗಿದೆ. ರೇ ಕಿನ್ಸೆಲ್ಲಾ ಅಯೋವಾ ರಾಜ್ಯದ ರೈತ. ವಯಸ್ಸು ಮೂವತ್ತಾರು. ಒಂದು ಸಂಜೆ ಮೆಕ್ಕೆಜೋಳದ ಹೊಲದಲ್ಲಿ ನಿಂತಿದ್ದಾಗ ಅವನಿಗೊಂದು ಧ್ವನಿ ಕೇಳಿಸುತ್ತದೆ: ಇಲ್ಲಿ ಕಟ್ಟು, ಒಬ್ಬ ಬರುತ್ತಾನೆ ಎಂಬ ಅರ್ಥದ ಮಾತು. ಅವನು ಬೆಳೆದು ನಿಂತ ಜೋಳವನ್ನು ಉತ್ತು, ಉಳಿತಾಯದ ಹಣ ಸುರಿದು ಬೇಸ್‌ಬಾಲ್ ಮೈದಾನ ಕಟ್ಟುತ್ತಾನೆ. ದಾವಣಗೆರೆ ಸುತ್ತಲಿನ ಮೆಕ್ಕೆಜೋಳದ ಹೊಲ ನೋಡಿರುವ ನಮಗೆ ಆ ದೃಶ್ಯ ಎಷ್ಟು ಹುಚ್ಚುತನದ್ದು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಸತ್ತುಹೋದ ಆಟಗಾರರು ಆ ಜೋಳದ ಸಾಲುಗಳಿಂದ ಹೊರಬಂದು ಆಡತೊಡಗುತ್ತಾರೆ. ಮೊದಲು ಬರುವವನು ಶೂಲೆಸ್ ಜೋ ಜಾಕ್‌ಸನ್. ಇತ್ತ ರೇಯ ಸಾಲ ಬೆಳೆಯುತ್ತದೆ, ಭೂಮಿ ಕೈತಪ್ಪುವ ಹಂತಕ್ಕೆ ಬರುತ್ತದೆ.

ಧ್ವನಿ ಹೇಳಿದ ಆ ‘ಒಬ್ಬ’ ಜಾಕ್‌ಸನ್ ಎಂದೇ ರೇ ನಂಬಿರುತ್ತಾನೆ, ನಾವೂ ನಂಬುತ್ತೇವೆ. ಇಲ್ಲಿ ನನಗೊಂದು ತಮಾಷೆ ಹೊಳೆಯಿತು. ಇಂಗ್ಲಿಷಿನಲ್ಲಿ ಹಿರಿಯ ಕಿರಿಯ ಗಂಡಸರಿಗೆಲ್ಲ ಒಂದೇ ಸರ್ವನಾಮ ಇರುವುದರಿಂದ ಈ ಗುಟ್ಟು ಕೊನೆಯವರೆಗೂ ಉಳಿಯುತ್ತದೆ. ಕನ್ನಡದಲ್ಲಿ ಆ ಧ್ವನಿ ಮಾತಾಡಿದ್ದರೆ ‘ಬರುತ್ತಾನೆ’ ಎನ್ನಬೇಕೋ ‘ಬರುತ್ತಾರೆ’ ಎನ್ನಬೇಕೋ ಎಂಬ ಪೇಚಿಗೆ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಮನೆಯ ಉರ್ದುವಿನಲ್ಲೂ ಅದೇ ಕಷ್ಟ. ‘ಬರುತ್ತಾರೆ’ ಎಂದರೆ ಮೊದಲ ನಿಮಿಷದಲ್ಲೇ ಗುಟ್ಟು ರಟ್ಟು. ಏಕೆಂದರೆ ಬರಬೇಕಾಗಿದ್ದವರು ರೇಯ ತಂದೆ, ಜಾನ್.

ರೇಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಹೋದರು. ಜಾನ್ ಮಗನನ್ನು ಬೇಸ್‌ಬಾಲ್ ಕಥೆ ಹೇಳಿ ಬೆಳೆಸಿದರು. ಚಿಕ್ಕ ತಂಡಗಳಲ್ಲಿ ಆಡಿ, ಮೇಲೆ ಬರಲಾಗದೆ ಉಳಿದವರು ಅವರು. ಹತ್ತು ವರ್ಷದ ಹೊತ್ತಿಗೆ ಮಗನಿಗೆ ಆ ಆಟ ಬಲವಂತವಾಗಿ ತಿನ್ನಿಸುವ ತರಕಾರಿಯಂತಾಗಿತ್ತು. ಹದಿನಾಲ್ಕಕ್ಕೆ ಅಪ್ಪನ ಜೊತೆ ಚೆಂಡು ಆಡುವುದನ್ನೇ ನಿಲ್ಲಿಸಿದ. ಹದಿನೇಳಕ್ಕೆ ಒಂದು ಮಾತು ಹೇಳಿ ಮನೆ ಬಿಟ್ಟ: ಅಪರಾಧಿಯೊಬ್ಬನನ್ನು ಹೀರೋ ಎಂದು ಪೂಜಿಸುವ ಮನುಷ್ಯನಿಗೆ ನಾನು ಗೌರವ ಕೊಡಲಾರೆ ಎಂದು. ಆ ಹೀರೋ ಜಾಕ್‌ಸನ್. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ತಂದೆ ತೀರಿಕೊಂಡರು. ‘ಅವನು ಅಪರಾಧಿ ಅಲ್ಲ ಅಂತ ಗೊತ್ತಿದ್ದೂ ಯಾಕೆ ಹಾಗೆ ಹೇಳಿದೆ?’ ಎಂದು ಗೆಳೆಯ ಕೇಳಿದಾಗ ರೇ ಕೊಡುವ ಉತ್ತರ ತನಗಾಗ ಹದಿನೇಳು ವರ್ಷ ಎಂಬುದಷ್ಟೇ.

ನನಗೀಗ ಹದಿನೇಳು. ಈ ಪತ್ರಿಕೆ ಓದುವ ಬಹುತೇಕರಿಗೂ ಅಷ್ಟೇ. ಆ ಉತ್ತರ ಕೇಳಿದಾಗ ಯಾರೋ ಬೆನ್ನ ಹಿಂದೆ ನಿಂತು ನನ್ನ ಹೆಸರು ಕರೆದಂತಾಯಿತು.

ಲೆಕ್ಕಶಾಸ್ತ್ರ ಓದುವವಳಾಗಿ ನಾನು ಇದನ್ನು ಹೀಗೆ ನೋಡುತ್ತೇನೆ. ನಮಗೆ ಹಣ ಕೊಡಬೇಕಾದವನು ದಿವಾಳಿಯಾದರೆ ಆ ಮೊತ್ತವನ್ನು ಬ್ಯಾಡ್ ಡೆಟ್ ಎಂದು ಬರೆದು ತೆಗೆದುಹಾಕಬಹುದು. ಆದರೆ ಕೊಡಬೇಕಾದವರು ನಾವೇ ಆಗಿದ್ದು, ಪಡೆಯಬೇಕಾದವರೇ ತೀರಿಕೊಂಡರೆ? ಸಾಲ ಅಳಿಯುವುದಿಲ್ಲ. ಹಣವಾದರೆ ವಾರಸುದಾರರಿಗೆ ಕೊಡಬೇಕು. ಕೊಡಬೇಕಾಗಿದ್ದು ಒಂದು ಮಾತಾದರೆ ಯಾರಿಗೆ ಕೊಡುವುದು? ಜಾನ್‌ಗೆ ವಾರಸುದಾರ ಎಂದು ನಮಗೆ ಕಾಣುವವನು ರೇ ಒಬ್ಬನೇ. ಕೊಡಬೇಕಾದವನೂ ಅವನೇ, ತೆಗೆದುಕೊಳ್ಳಬೇಕಾದವನೂ ಅವನೇ. ಈ ಲೆಕ್ಕ ತಾಳೆಯಾಗುವುದೇ ಇಲ್ಲ. ಬ್ಯಾಂಕಿನ ಸಾಲ, ಭಾವಮೈದುನನ ಎಚ್ಚರಿಕೆ ಎಲ್ಲವೂ ಸಿನಿಮಾದಲ್ಲಿ ಜೋರಾಗಿ ಕೇಳಿಸುತ್ತವೆ. ಆದರೆ ರೇಯ ನಿಜವಾದ ಸಾಲ ಇನ್ನೊಂದು ಎಂದು ನಮಗೆ ತಿಳಿಯುವುದು ನಿಧಾನವಾಗಿ. ನೋಡುವವರಲ್ಲಿ ಅಂಥ ಸಾಲ ಇಲ್ಲದವರು ಕಡಿಮೆ. ನಾವು ಅಳುವುದು ನಮ್ಮ ಪುಸ್ತಕ ನೋಡಿಕೊಂಡು ಎಂಬುದು ನನ್ನ ಅಭಿಪ್ರಾಯ.

ಜಾಕ್‌ಸನ್ ಬಗ್ಗೆ ಸಿನಿಮಾ ಸ್ವಲ್ಪ ಮೃದುವಾಗಿದೆ ಎಂಬುದನ್ನೂ ಹೇಳಬೇಕು. 1919ರ ವರ್ಲ್ಡ್ ಸೀರೀಸ್‌ನಲ್ಲಿ ಹಣ ಪಡೆದು ಬೇಕೆಂದೇ ಸೋತರು ಎಂಬ ಆರೋಪ ಶಿಕಾಗೋ ವೈಟ್ ಸಾಕ್ಸ್ ತಂಡದ ಎಂಟು ಜನರ ಮೇಲೆ ಬಂತು. 1921ರಲ್ಲಿ ನ್ಯಾಯಾಲಯ ಬಿಟ್ಟರೂ ಬೇಸ್‌ಬಾಲ್ ಆಡಳಿತ ಅವರನ್ನು ಆಜೀವ ನಿಷೇಧಿಸಿತು. ಆ ಸರಣಿಯಲ್ಲಿ ಜಾಕ್‌ಸನ್ ಆಡಿದ್ದು ಚೆನ್ನಾಗಿಯೇ, ಸರಾಸರಿ .375. ಆದರೆ 5,000 ಡಾಲರ್ ಅವನ ಕೈಗೆ ಬಂದದ್ದೂ ನಿಜ. ಅವನ ಹೆಸರು ನಿಷೇಧದ ಪಟ್ಟಿಯಿಂದ ಹೊರಬಂದದ್ದು 2025ರಲ್ಲಿ, ಅವನು ಸತ್ತು 73 ವರ್ಷಗಳಾದ ಮೇಲೆ. (ಅವನು ಎಡಗೈ ಬ್ಯಾಟರ್. ಸಿನಿಮಾದಲ್ಲಿ ರೇ ಲಿಯೋಟಾ ಬಲಗೈಯಲ್ಲಿ ಬ್ಯಾಟ್ ಬೀಸುತ್ತಾರೆ. ಕ್ರಿಕೆಟ್ ಹುಚ್ಚಿನ ನನ್ನ ತಮ್ಮ ಇದನ್ನು ಕೇಳಿ ಸಿನಿಮಾವನ್ನೇ ತಿರಸ್ಕರಿಸಿದ.)

ಈಗ ಕೊನೆಯ ದೃಶ್ಯ. ಎಲ್ಲರೂ ಹೋದ ಮೇಲೆ ಕ್ಯಾಚರ್ ಒಬ್ಬ ಮುಖದ ಜಾಲರಿ ತೆಗೆಯುತ್ತಾನೆ. ಅದು ಜಾನ್, ಮಗ ಇನ್ನೂ ಹುಟ್ಟದ ಕಾಲದ ಯುವಕ. ರೇ ಅವರನ್ನು ಕಂಡದ್ದೆಲ್ಲ ಬದುಕು ಹಣ್ಣು ಮಾಡಿದ ಮೇಲೆ. ಇಲ್ಲಿ ನಿಂತಿರುವ ಜಾನ್‌ಗೆ ಇನ್ನೂ ಯಾರೂ ನೋವು ಕೊಟ್ಟಿಲ್ಲ. ರೇ ತನ್ನ ಹೆಂಡತಿಗೂ ಮಗಳಿಗೂ ಅವರನ್ನು ಬರೀ ‘ಜಾನ್’ ಎಂದು ಪರಿಚಯಿಸುತ್ತಾನೆ. ಇವರು ನಿನ್ನ ತಾತ ಎಂದು ಮಗುವಿಗೆ ಹೇಳುವುದಿಲ್ಲ. ಕ್ಷಮಿಸಿ ಎಂದೂ ಕೇಳುವುದಿಲ್ಲ. ಅಪ್ಪ ತಿರುಗಿ ಹೊರಡುವಾಗ ಮಾತ್ರ ಗಂಟಲು ಕಟ್ಟಿದ ಧ್ವನಿಯಲ್ಲಿ, ಚೆಂಡು ಆಡೋಣವಾ ಎನ್ನುತ್ತಾನೆ.

ಅದು ಪಂದ್ಯ ಅಲ್ಲ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಹಿಡಿಯುತ್ತಾನೆ, ಮತ್ತೆ ಎಸೆಯುತ್ತಾನೆ. ರನ್ ಇಲ್ಲ, ಸೋಲು ಗೆಲುವು ಇಲ್ಲ. ಹದಿನಾಲ್ಕರಲ್ಲಿ ಮಗ ಬೇಡ ಎಂದದ್ದು ಇದನ್ನೇ. ಒಂದು ದೊಡ್ಡ ಭಾಷಣ, ತಬ್ಬಿಕೊಂಡು ಅಳುವುದು, ಹಳೆಯದನ್ನೆಲ್ಲ ಬಿಡಿಸಿ ಹೇಳುವುದು ಇಟ್ಟಿದ್ದರೆ ನನ್ನ ಸಹಪಾಠಿಗಳ ಮಾತು ನಿಜವಾಗುತ್ತಿತ್ತು. ಇಲ್ಲಿ ಮಾತು ಕಡಿಮೆ ಆದದ್ದರಿಂದ ನಾವು ನಂಬುತ್ತೇವೆ.

ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ನನ್ನ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ಬಂದವರು ನನ್ನನ್ನು ಕೇಳುವುದು ‘ಖಾನಾ ಖಾಯೀ ಕ್ಯಾ?’ ಎಂಬುದೊಂದೇ. ಆದರೆ ಪರೀಕ್ಷೆಯ ಬೆಳಿಗ್ಗೆ ನನ್ನ ಸೈಕಲ್‌ಗೆ ಗಾಳಿ ತುಂಬಿರುತ್ತದೆ. ಯಾರು ತುಂಬಿದರು ಎಂದು ಯಾರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಹಜ್‌ಗೆ ಹೊರಟವರು ಮನೆ ಮನೆಗೆ ಹೋಗಿ ‘ಕಹಾ ಸುನಾ ಮಾಫ್’ ಎಂದು ಕೇಳಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಮಾತನ್ನು ನೆರೆಯವರಿಗೆ ಹೇಳುವುದು ಸುಲಭ. ಒಂದೇ ಸೂರಿನಡಿ ಇರುವವರಿಗೆ ಹೇಳಲು ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ. ಚಿತ್ರೀಕರಣದಲ್ಲಿ ರೇ ಆ ಕೊನೆಯ ಪ್ರಶ್ನೆ ಕೇಳುವಾಗ ‘ಡ್ಯಾಡ್’ ಎಂಬ ಪದ ಇರಲಿಲ್ಲವಂತೆ. ಬಿಡುಗಡೆಗೆ ಮುಂಚೆ ತೋರಿಸಿದಾಗ ಪ್ರೇಕ್ಷಕರಿಗೆ ಏನೋ ಕೊರತೆ ಅನಿಸಿತು. ಆಮೇಲೆ ಧ್ವನಿಯಲ್ಲಿ ಆ ಒಂದು ಪದ ಸೇರಿಸಿದರು. ಮೋಸ ಎನ್ನುವವರು ಇದನ್ನೇ ಸಾಕ್ಷಿಯಾಗಿ ತೋರಿಸಬಹುದು: ನೋಡಿ, ಅಳಿಸಲೆಂದೇ ಸೇರಿಸಿದ್ದು ಎಂದು. ನಾನು ಬೇರೆ ರೀತಿ ಓದುತ್ತೇನೆ. ಅಷ್ಟು ಹೊತ್ತು ಕಾದವರಿಗೆ ಒಂದು ಪದ ಬಾಕಿ ಇತ್ತು, ಅದನ್ನು ಕೊಟ್ಟರು. ಹೆಚ್ಚು ಕೊಡಲಿಲ್ಲ.

ಹಾಗೆಂದು ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಕೊನೆಯಲ್ಲಿ ನೂರಾರು ಕಾರುಗಳು ದೀಪ ಹಚ್ಚಿಕೊಂಡು ಮೈದಾನದತ್ತ ಬರುತ್ತವೆ. ತಲೆಗೆ ಇಪ್ಪತ್ತು ಡಾಲರ್ ಕೊಡುತ್ತಾರಂತೆ, ಸಾಲ ತೀರುತ್ತದಂತೆ. ನಷ್ಟಕ್ಕೆ ಸಿದ್ಧನಾದವನ ಕಥೆಗೆ ಲಾಭದ ಮುಕ್ತಾಯ ಯಾಕೆ? ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಹಳೆಯ ಬೇಸ್‌ಬಾಲ್ ಎಷ್ಟು ಒಳ್ಳೆಯದಾಗಿತ್ತು ಎಂದು ಭಾಷಣ ಮಾಡುವ ಲೇಖಕ ಟೆರೆನ್ಸ್ ಮ್ಯಾನ್ ಪಾತ್ರದಲ್ಲಿ ಕಪ್ಪು ವರ್ಣದ ನಟ ಜೇಮ್ಸ್ ಅರ್ಲ್ ಜೋನ್ಸ್ ಇದ್ದಾರೆ. ಆದರೆ 1947ರಲ್ಲಿ ಜಾಕಿ ರಾಬಿನ್‌ಸನ್ ಬರುವವರೆಗೆ ಇಪ್ಪತ್ತನೇ ಶತಮಾನದ ದೊಡ್ಡ ಲೀಗ್‌ಗಳು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳಲೇ ಇಲ್ಲ. ಜೋಳದಿಂದ ಹೊರಬರುವ ಆಟಗಾರರೆಲ್ಲ ಬಿಳಿಯರೇ. ಆ ಭಾಷಣದ ಸಿಹಿ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಆದರೂ ಸಿನಿಮಾ ಸುಳ್ಳಾಗದಂತೆ ಕಾಪಾಡುವ ಒಂದು ಪಾತ್ರ ಇದೆ: ಆರ್ಚಿಬಾಲ್ಡ್ ‘ಮೂನ್‌ಲೈಟ್’ ಗ್ರಹಾಂ. ಇವರು ನಿಜವಾಗಿ ಬದುಕಿದ್ದವರು. 1905ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಪರ ಒಂದೇ ಒಂದು ಪಂದ್ಯ ಆಡಿದರು, ಬ್ಯಾಟ್ ಹಿಡಿಯುವ ಸರದಿ ಬರಲೇ ಇಲ್ಲ. ನಂತರ ಮಿನ್ನೆಸೋಟಾದ ಚಿಸೋಮ್ ಎಂಬ ಊರಿನಲ್ಲಿ ವೈದ್ಯರಾದರು. ಸಿನಿಮಾದಲ್ಲಿ ಅವರು ಯುವಕನಾಗಿ ಆ ಮೈದಾನಕ್ಕೆ ಬಂದು ಕೊನೆಗೂ ಬ್ಯಾಟ್ ಹಿಡಿಯುತ್ತಾರೆ. ಆಗ ರೇಯ ಪುಟ್ಟ ಮಗಳು ಕ್ಯಾರಿನ್ ಆಸನದಿಂದ ಬಿದ್ದು, ಉಸಿರು ಕಟ್ಟಿ ಮಲಗುತ್ತಾಳೆ. ಗ್ರಹಾಂ ಗೆರೆಯ ಹತ್ತಿರ ಬಂದು ನಿಲ್ಲುತ್ತಾರೆ. ದಾಟಿದರೆ ಮತ್ತೆ ಮುದುಕ, ಮತ್ತೆ ಆಡಲಾಗದು. ದಾಟುತ್ತಾರೆ. ಇಲ್ಲಿ ಕೊಟ್ಟದ್ದಕ್ಕೆ ಬೆಲೆ ಇದೆ. ಇಡೀ ಸಿನಿಮಾದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು, ಕೊನೆಯ ದೃಶ್ಯಕ್ಕಿಂತಲೂ.

ಆ ಕ್ಯಾರಿನ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೈದಾನದಲ್ಲಿ ಜಾಕ್‌ಸನ್ ನಿಂತಿರುವುದನ್ನು ಮೊದಲು ನೋಡಿ ಅಪ್ಪನಿಗೆ ಹೇಳಿದವಳು ಅವಳು. ಆದರೆ ಕೊನೆಗೆ ಅಪ್ಪ ಮಗ ಆಡುವಾಗ ಅವಳು ಅಮ್ಮನ ಜೊತೆ ಮನೆ ಕಡೆ ಹೋಗುತ್ತಾಳೆ. ಅಮ್ಮ ಸ್ವಿಚ್ ಒತ್ತಿ ಮೈದಾನದ ದೀಪ ಹಾಕುತ್ತಾಳೆ, ಅಷ್ಟೇ ಅವರ ಪಾಲು. ಕ್ಯಾರಿನ್‌ಗೂ ಒಂದು ದಿನ ಹದಿನೇಳು ಆಗುತ್ತದೆ, ಅವಳೂ ಅಪ್ಪನಿಗೆ ಏನಾದರೂ ಹೇಳುತ್ತಾಳೆ. ಆ ಸಿನಿಮಾವನ್ನು ಯಾರಾದರೂ ತೆಗೆದರೆ ಮೊದಲ ಟಿಕೆಟ್ ನನ್ನದು.