ಅಮ್ಮನ ಶ್ರುತಿ, ಮೈನಸ್ ಮೂರು

ಥೈರಾಯ್ಡ್ ಆಪರೇಷನ್ ಆದಮೇಲೆ ಅಮ್ಮನ ದನಿ ಇಳಿದುಬಿಟ್ಟಿದೆ. ಐದು ಮನೆ ಶ್ರುತಿಯಲ್ಲಿ ಹಾಡ್ತಿದ್ದವರಿಗೆ ಈಗ ಮೂರೇ ಹೆಚ್ಚು. ಮೊಬೈಲಿನಲ್ಲಿದ್ದ ತಮ್ಮದೇ ಹಳೇ ದೇವರನಾಮದ ಜೊತೆ ಹಾಡೋಕೆ ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಎರಡು ವಾರ ಬಾಯೇ ಬಿಡಲಿಲ್ಲ.

ರೆಕಾರ್ಡಿಂಗ್ ನಿಧಾನ ಮಾಡಿದ್ರೆ ಶ್ರುತಿ ಇಳಿಯುತ್ತೆ, ನಿಜ. ಆದ್ರೆ 3 ನಿಮಿಷದ ಹಾಡು ಮೂರೂವರೆ ದಾಟುತ್ತೆ. ವೇಗ ಹಾಗೇ ಇಟ್ಟು ಶ್ರುತಿ ಮಾತ್ರ ಇಳಿಸೋಕೆ ಪಿಚ್ ಶಿಫ್ಟರ್ ಬೇಕು. ಆಬರ್ನ್ ಸೌಂಡ್ಸ್‌ನ ‘ಗ್ರೈಯೋನ್’ ಪ್ಲಗಿನ್‌ನ ಉಚಿತ ಆವೃತ್ತಿ ಹಾಕ್ಕೊಂಡೆ. ಐದರಿಂದ ಮೂರಕ್ಕೆ, ಕಪ್ಪು ಬಿಳಿ ಸೇರಿ ಹಾರ್ಮೋನಿಯಂನ 3 ಮನೆ, ಅಂದ್ರೆ 3 ಸೆಮಿಟೋನ್. ಮೈನಸ್ 3 ಇಟ್ಟೆ, ಆಯ್ತು. ಇಂಥವು ಒಂಟಿ ದನಿಗೇ ಚೆನ್ನ. ರೆಕಾರ್ಡಿಂಗಲ್ಲಿ ತಂಬೂರಿ ಇರದಿದ್ದದ್ದು ನನ್ನ ಪುಣ್ಯ.

ಅಲ್ಲಿಗೇ ಬಿಡಬೇಕಿತ್ತು. ಅದರಲ್ಲೇ ಪಿಚ್ ಕರೆಕ್ಷನ್ ಕೂಡ ಇದೆ, ಇಂಜಿನಿಯರ್ ಕೈ ಸುಮ್ಮನಿರುತ್ತಾ? ಪೂರ್ತಿ ತಿರುಗಿಸಿದೆ. ಅದು ಪ್ರತಿ ಸ್ವರವನ್ನೂ ಹತ್ತಿರದ ಮನೆಗೆ ಎಳೆದು ಕೂರಿಸುತ್ತೆ. ಗಮಕ ಇರೋದೇ ಎರಡು ಮನೆಗಳ ನಡುವಿನ ಓಡಾಟದಲ್ಲಿ!

“ಯಾರೋ ಇವಳು? ಮೆಟ್ಟಿಲು ಇಳಿದಂಗೆ ಹಾಡ್ತಾಳಲ್ಲ” ಅಂದ್ರು ಅಮ್ಮ.

ಕರೆಕ್ಷನ್ ತೆಗೆದು ಮತ್ತೆ ಹಾಕಿದೆ. ದನಿ ಒಂಚೂರು ದಪ್ಪ, ಈಗಿನ ಅಮ್ಮನ ಹಾಗೇ. ಪಲ್ಲವಿ ಮುಗಿಯೋ ಹೊತ್ತಿಗೆ ಜೊತೆಗೆ ಹಾಡ್ತಿದ್ದರು. ಚರಣದಲ್ಲಿ ಥಟ್ಟನೆ ನಿಲ್ಲಿಸಿ, “ಇಲ್ಲಿ ಆಗಲೇ ಅಪಸ್ವರ ಹಾಡಿದ್ದೆ ಕಣೋ” ಅಂತ ನಕ್ಕರು.